ಒಂದೂವರೆ ಅಡಿ ಕಮ್ಮಿ

ಆ ಮನೆಯ ಗಂಡಸು ಪ್ರತಿ ರಾತ್ರಿ ಎರಡು ಸಲ ಊಟ ಮಾಡುತ್ತಿದ್ದ. ಹಸಿವು ಜಾಸ್ತಿ ಅಂತೇನಲ್ಲ, ಧೈರ್ಯ ಕಮ್ಮಿ. ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದವನು ಮೊದಲು ತಾಯಿಯ ಕಡೆ ಕೂತು ಅನ್ನ, ಬೇಳೆ, ಬೇಯಿಸಿದ ಕೋಸು ತಿನ್ನುತ್ತಿದ್ದ. ಆಮೇಲೆ ಬೀರುವಿನ ಪಕ್ಕದ ಸಂದಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ದಾಟಿ, ಹೆಂಡತಿಯ ಕಡೆ ಕೂತು ರೊಟ್ಟಿ, ಖಾರದ ಆಲೂಗಡ್ಡೆ ತಿನ್ನುತ್ತಿದ್ದ. ಮಾರನೆಯ ದಿನ ಸರದಿ ಅದಲುಬದಲು. ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಕೂತ ಕೆಲಸ ಬೇರೆ. ವರ್ಷ ತಿರುಗುವುದರೊಳಗೆ ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. "ಮನೇಲಿ ಚೆನ್ನಾಗಿ ನೋಡ್ಕೋತಾರೆ ಅನ್ಸುತ್ತೆ" ಎಂದು ಗಿರಾಕಿಗಳು ನಕ್ಕರೆ ಅವನೂ ಜೊತೆಗೆ ನಗುತ್ತಿದ್ದ.

ಬೀರುವಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಮನೆಯ ಅಡುಗೆಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಒಂದು ತುದಿಗೆ ನಲ್ಲಿ, ಇನ್ನೊಂದು ತುದಿಗೆ ಕಿಟಕಿ. ನಟ್ಟನಡುವೆ, ಪಕ್ಕದ ಮನೆ ದರ್ಜಿಯ ಜೊತೆ ಹಂಚಿಕೊಂಡಿದ್ದ ಗೋಡೆಗೆ ಪಕ್ಕೆ ತಾಗಿಸಿ, ಕಬ್ಬಿಣದ ಬೀರುವೊಂದನ್ನು ಅಡ್ಡಡ್ಡ ನಿಲ್ಲಿಸಲಾಗಿತ್ತು. ನಲ್ಲಿಯ ಕಡೆ ಅತ್ತೆಯ ಒಲೆ, ಕಿಟಕಿಯ ಕಡೆ ಸೊಸೆಯ ಒಲೆ. ಬೀರುವಿನ ಬಾಗಿಲು ಸೊಸೆಯ ಕಡೆಗಿತ್ತು, ಬೆನ್ನು ಅತ್ತೆಯ ಕಡೆಗಿತ್ತು. ಅತ್ತೆಗೆ ಗಾಳಿಯಿಲ್ಲ, ಸೊಸೆಗೆ ನೀರಿಲ್ಲ. ಅದನ್ನು ಅಲ್ಲಿ ನಿಲ್ಲಿಸಿದವನು ಎರಡೂಟದ ಮಗರಾಯನೇ. ಆದರೆ ಸೊಸೆ ಹಟ ಹಿಡಿದು ಇಡಿಸಿದಳು ಎಂದು ಅತ್ತೆ ನಂಬಿದ್ದಳು, ಅತ್ತೆ ಹಟ ಹಿಡಿದು ಇಡಿಸಿದರು ಎಂದು ಸೊಸೆ ನಂಬಿದ್ದಳು.

ಅತ್ತೆಯನ್ನು ಬೀದಿಯವರೆಲ್ಲ ಆಸ್ಪತ್ರೆ ಅಜ್ಜಿ ಅನ್ನುತ್ತಿದ್ದರು. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಬೇಯಿಸಿ ಹಾಕಿ ನಿವೃತ್ತಿಯಾದವಳು. ಕೈ ಹಾಗೇ ಪಳಗಿಬಿಟ್ಟಿತ್ತು: ಉಪ್ಪು ಅರ್ಧ, ಖಾರ ಕಾಲು, ಎಣ್ಣೆ ತೋರಿಸಿದಂತೆ ಮಾಡುವುದು. ಸೊಸೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕದ ಬೈಂಡಿಂಗ್ ಮಾಡುವವಳು. ಹೋದ ಬೇಸಿಗೆಯಲ್ಲಿ ಒಂದು ಸಂಜೆ, ಕೆಲಸದಿಂದ ಸುಸ್ತಾಗಿ ಬಂದು ತಟ್ಟೆಯ ಮುಂದೆ ಕೂತವಳು, "ಇದನ್ನ ತಿನ್ನಬೇಕು ಅಂದ್ರೆ ಮೊದಲು ಕಾಯಿಲೆ ಬೀಳಬೇಕು" ಅಂದಳು. ಅಜ್ಜಿ ಸುಮ್ಮನಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜಿ ಸುಮ್ಮನಿರುವ ಪೈಕಿಯಲ್ಲ. "ನಿನ್ನ ಕೈ ಅಡುಗೆ ತಿಂದ್ರೆ ಕರುಳೇ ಅಂಟಿಕೊಳ್ಳುತ್ತೆ. ಗೋಂದಿನ ವಾಸನೆ" ಅಂದಳು. ಮಾರನೆಯ ದಿನ ಎರಡನೇ ಒಲೆ ಬಂತು, ಆ ಭಾನುವಾರ ಬೀರು ಬಂತು, ಅಲ್ಲಿಂದಾಚೆಗೆ ಅತ್ತೆ ಸೊಸೆ ನೇರ ಮಾತಾಡಿದ್ದಿಲ್ಲ. ಆಡಬೇಕಾದ್ದನ್ನೆಲ್ಲ ಐದನೇ ಕ್ಲಾಸು ಓದುವ ಮೊಮ್ಮಗಳು ಚೂಟಿಯ ಮೂಲಕ ಆಡುತ್ತಿದ್ದರು.

"ಚೂಟಿ, ನಿಮ್ಮಮ್ಮನಿಗೆ ಹೇಳು, ನೀರು ಹಿಡಿದ ಮೇಲೆ ನಲ್ಲೀನ ಗಟ್ಟಿಯಾಗಿ ತಿರುಗಿಸಬೇಕು ಅಂತ."

"ಚೂಟಿ, ನಿಮ್ಮಜ್ಜಿಗೆ ಹೇಳು, ನಲ್ಲಿಯ ವಾಷರ್ ಸತ್ತು ತಿಂಗಳಾಯ್ತು ಅಂತ. ಅವರ ಮುದ್ದಿನ ಮಗನಿಗೆ ಹೇಳಿ ಹಾಕಿಸ್ಕೊಳ್ಳಲಿ."

ಇಬ್ಬರ ನಡುವೆ ಇದ್ದದ್ದು ಒಂದು ಬೀರು ಮಾತ್ರ, ಆಡಿದ್ದೆಲ್ಲ ಇಬ್ಬರ ಕಿವಿಗೂ ಬೀಳುತ್ತಿತ್ತು. ಆದರೂ ಚೂಟಿ ಸಂದಿನಲ್ಲಿ ನಿಂತು, ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿ, "ಕೇಳಿಸ್ತಾ?" ಎಂದು ಕೇಳಬೇಕಾಗಿತ್ತು.

ಅಜ್ಜಿಗೆ ಚೂಟಿ ಅಂದರೆ ಪ್ರಾಣ. ಸೊಸೆಯನ್ನು ಕಂಡರೆ ಎಷ್ಟು ಮೈ ಉರಿಯುತ್ತಿತ್ತೋ ಸೊಸೆಯ ಮಗಳನ್ನು ಕಂಡರೆ ಅಷ್ಟೇ ಕರಗುತ್ತಿದ್ದಳು. ಹಾಗಾಗಿ ದಿನದ ದೊಡ್ಡ ಯುದ್ಧ ಚೂಟಿ ಯಾರ ಕಡೆ ಊಟ ಮಾಡುತ್ತಾಳೆ ಅನ್ನುವುದರ ಮೇಲೆ ನಡೆಯುತ್ತಿತ್ತು. ನಲ್ಲಿಯ ಕಡೆ ಕೂತರೆ ಕಿಟಕಿಯ ಕಡೆ ಪಾತ್ರೆಗಳು ದಡದಡ ಬೀಳುತ್ತಿದ್ದವು. ಕಿಟಕಿಯ ಕಡೆ ಕೂತರೆ ನಲ್ಲಿಯ ಕಡೆಯಿಂದ, "ನಡೀಲಿ, ನಡೀಲಿ, ಎತ್ತಿ ಆಡಿಸಿದವರು ಯಾರೋ, ಈಗ ಬೇಕಾದವರು ಯಾರೋ" ಎಂಬ ಗೊಣಗಾಟ. ಈಚೀಚೆಗೆ ಚೂಟಿ ತಟ್ಟೆಯನ್ನು ಕೈಯಲ್ಲಿ ಹಿಡಿದು, ಆ ಸಂದಿನಲ್ಲೇ ನಿಂತು, ಎರಡು ತುತ್ತು ನುಂಗಿ ಓಡಿಬಿಡುತ್ತಿದ್ದಳು. ಕೇಳಿದರೆ ಹಸಿವಿಲ್ಲ ಅನ್ನುತ್ತಿದ್ದಳು. ಮಗು ಸೊರಗುತ್ತಿರುವುದಕ್ಕೆ ಅಜ್ಜಿ ಸೊಸೆಯ ಖಾರವನ್ನು ದೂರಿದಳು, ಸೊಸೆ ಅತ್ತೆಯ ಸಪ್ಪೆಯನ್ನು ದೂರಿದಳು.

ಹೀಗಿರುವಾಗ ಒಂದು ಸಂಜೆ ಚೂಟಿ ದರ್ಜಿಯ ಮನೆಯಿಂದ ಅಳತೆ ಟೇಪು ಇಸಕೊಂಡು ಬಂದಳು.

"ಮೇಷ್ಟ್ರು ನಮ್ಮ ಬೀದಿ ಕಟ್ಟಿಸ್ತಿದ್ದಾರೆ ಅಜ್ಜಿ. ರಟ್ಟಿನಲ್ಲಿ. ಎಲ್ಲರೂ ಅವರವರ ಮನೇನ ಅವರವರೇ ಅಳೀಬೇಕು. ಒಂದು ಅಡಿಗೆ ಒಂದು ಇಂಚು. ಆಮೇಲೆ ಎಲ್ಲ ಮನೆ ಸಾಲಾಗಿ ಜೋಡಿಸಿ ಅಂಟಿಸ್ತೀವಿ. ಮುಗಿದ ಮೇಲೆ ಅಪ್ಪ ಅಮ್ಮ ಎಲ್ಲ ಬಂದು ನೋಡ್ಬೇಕು."

"ಪಾಠ ಯಾವಾಗ ಮಾಡ್ತಾನಂತೆ ನಿಮ್ಮ ಮೇಷ್ಟ್ರು?"

"ಇದೇ ಪಾಠ."

ಅಜ್ಜಿ ಮೂಗು ಮುರಿದಳು. ಆದರೆ ಟೇಪು ಅಡುಗೆಮನೆಗೆ ಬಂದದ್ದೇ ತಡ, ಸೆರಗು ಸಿಕ್ಕಿಸಿ ಎದ್ದು ನಿಂತಳು. ಯಾರ ಪಾಲು ದೊಡ್ಡದು ಅನ್ನುವುದು ಆ ಮನೆಯಲ್ಲಿ ಇತ್ಯರ್ಥವಾಗದೆ ಉಳಿದಿದ್ದ ವ್ಯಾಜ್ಯ.

"ಈ ಮೂಲೆಯಿಂದ ಹಿಡಿ. ಬೀರುವಿನ ಬೆನ್ನಿನವರೆಗೆ. ಟೇಪು ಸಡಿಲ ಬಿಡಬೇಡ."

"ಚೂಟಿ," ಆಚೆಯಿಂದ ಸೊಸೆಯ ದನಿ ಬಂತು, "ನನ್ನ ಕಡೇದು ಬೀರುವಿನ ಬಾಗಿಲಿನವರೆಗೆ ಅಳೆ. ಬಾಗಿಲ ಹಿಡಿಕೆ ಮುಂದಕ್ಕೆ ಬಂದಿದೆ ಅಂತ ಬಿಟ್ಟುಕೊಡಬೇಡ."

ಚೂಟಿ ಎರಡೂ ಕಡೆ ಅಳೆದಳು. ಸೊಸೆಯ ಕಡೆ ನಾಲ್ಕು ಬೆರಳು ಜಾಸ್ತಿ ಬಂತು. ಆ ರಾತ್ರಿ ಮಗ ಮೊದಲ ಊಟಕ್ಕೆ ಕೂತಾಗ ಬೇಳೆಯ ಜೊತೆಗೆ ಅದನ್ನೂ ಬಡಿಸಲಾಯಿತು. "ನಾಲ್ಕು ಬೆರಳು ಕಣೋ! ಹೆತ್ತವಳ ಅಡುಗೆಮನೇಲಿ ನಾಲ್ಕು ಬೆರಳು ಕದ್ದಿದ್ದಾಳೆ!" ಅವನು ಅನ್ನದ ಮೇಲೆ ಕಣ್ಣು ನೆಟ್ಟು, "ನೋಡೋಣಮ್ಮ" ಅಂದ. ಎರಡನೇ ಊಟಕ್ಕೆ ಕೂತಾಗ ಹೆಂಡತಿ, "ನಾಲ್ಕು ಬೆರಳಿಗೆ ಅಳ್ತಾರೆ, ನೀರಿಗೆ ನಾನು ದಿನಾ ಅವರ ಮುಂದೆ ಕೊಡ ಹಿಡಿದು ನಿಲ್ಲೋದು ಯಾರಿಗೂ ಕಾಣಲ್ಲ" ಅಂದಳು. ಅವಳಿಗೂ ನೋಡೋಣ ಅಂದ. ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಸೊಸೆ ಪ್ರೆಸ್ಸಿನಿಂದ ದಪ್ಪ ರಟ್ಟು ತಂದುಕೊಟ್ಟಳು, ಅಂಚು ಹರಿಯದಂತೆ ಕತ್ತರಿಸುವುದನ್ನು ತೋರಿಸಿದಳು. ರಟ್ಟು ಆ ಕಡೆಯದಾದರೆ ಅಂಟಾದರೂ ಈ ಕಡೆಯದಿರಲಿ ಎಂದು ಅಜ್ಜಿ ಮೈದಾಹಿಟ್ಟು ಕಾಯಿಸಿ ಗಂಟಿಲ್ಲದ ಅಂಟು ಮಾಡಿ ಬಟ್ಟಲಿಗೆ ಹಾಕಿಕೊಟ್ಟಳು. ಗೋಡೆಗಳು ಎದ್ದವು. ಬೀರು ಇದ್ದಲ್ಲಿ ಚೂಟಿ ಒಂದು ತೆಳ್ಳನೆ ರಟ್ಟನ್ನು ಅಡ್ಡ ನಿಲ್ಲಿಸಿದಳು. ಎಲ್ಲರಿಗೂ ಅದು ಸರಿಯಾಗೇ ಕಂಡಿತು. ರಟ್ಟಿನ ಮನೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಅವಳು ಶಾಲೆಗೆ ಹೊರಟಾಗ, ಅಜ್ಜಿ ಬೀದಿಯ ತಿರುವಿನವರೆಗೂ ಹಿಂದೆ ಹೋಗಿ, "ಯಾರಾದ್ರೂ ಕೇಳಿದ್ರೆ ಅಂಟು ಅಜ್ಜೀದು ಅನ್ನು" ಎಂದು ಹೇಳಿ ಬಂದಳು.

ಸಂಜೆ ಚೂಟಿ ಬಂದದ್ದು ಊದಿಸಿಕೊಂಡ ಮುಖದೊಡನೆ. ಹಿಂದೆಯೇ ಪಕ್ಕದ ಮನೆಯ ದರ್ಜಿ ಮಗಳು, ಎಲ್ಲರೂ ಗುಂಗುರು ಅನ್ನುವ ಗುಂಗುರು ಕೂದಲಿನ ಹುಡುಗಿ, ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

"ಅಜ್ಜೀ, ನಿಮ್ಮನೆ ಒಂದೂವರೆ ಅಡಿ ಕಮ್ಮಿ!"

"ಏನಂದೆ?"

"ನಮ್ಮಿಬ್ಬರ ಮನೇಗೂ ಗೋಡೆ ಒಂದೇ ಅಲ್ವಾ? ನಮ್ಮ ಕಡೆ ಅಳೆದ್ರೆ ಇಪ್ಪತ್ತಡಿ ಬರುತ್ತೆ. ಇವಳದ್ದು ಹದಿನೆಂಟೂವರೆ. ಪಕ್ಕಪಕ್ಕ ಇಟ್ರೆ ನಿಮ್ಮನೆ ಹಿಂದೆ ತೂತು. ಇವಳಿಂದ ನಮ್ಮನೇನೂ ಅಂಟಿಸೋ ಹಾಗಿಲ್ಲ."

"ನಿಮ್ಮ ಟೇಪೇ ಸುಳ್ಳು" ಅಂದಳು ಚೂಟಿ.

"ನಮ್ಮಪ್ಪ ಅದರಲ್ಲೇ ಅಂಗಿ ಹೊಲೀತಾರೆ! ನಿಮ್ಮಪ್ಪನ ಅಂಗೀನೂ!"

"ಅದಕ್ಕೇ ಅವು ಕಿತ್ತು ಬರ್ತವೆ!"

ಅಜ್ಜಿ ಇಬ್ಬರನ್ನೂ ಬಿಡಿಸಬೇಕಾಯಿತು. ವಿಷಯ ಇಷ್ಟು: ಗೋಡೆ ಹಂಚಿಕೊಂಡ ಇಬ್ಬರ ಅಳತೆಯೂ ತಾಳೆಯಾಗಬೇಕು. ಆಗದಿದ್ದರೆ ಅವರ ಗುಂಪಿನವರೆಲ್ಲ ಜೊತೆಯಾಗಿ ಹೋಗಿ ಎರಡೂ ಮನೆಯ ಒಳಗಿಂದ ಮತ್ತೆ ಅಳೆಯಬೇಕು. ಇದು ಕ್ಲಾಸಿನವರೆಲ್ಲ ಕೂತು ತಾವೇ ಮಾಡಿಕೊಂಡ ಕಟ್ಟಳೆಯಂತೆ. ಶನಿವಾರ ಐದು ಮಕ್ಕಳು ಬರುತ್ತಾರೆ.

"ಯಾರೂ ಬರಕೂಡದು" ಅಂದಳು ಅಜ್ಜಿ. "ನಮ್ಮ ಅಡುಗೆಮನೆ ಏನು ಸಂತೆಮಾಳವಾ?"

"ಚೂಟಿ, ಯಾರನ್ನೂ ಕರೀಬೇಡ" ಎಂದು ಬೀರುವಿನ ಆಚೆಯಿಂದ ಸೊಸೆಯೂ ಅಂದಳು. ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಒಪ್ಪಿದ್ದೇವೆ ಎಂದು ತಿಳಿದ ಕೂಡಲೇ ಇಬ್ಬರಿಗೂ ಇರುಸುಮುರುಸಾಗಿ ಪಾತ್ರೆ ತೊಳೆಯತೊಡಗಿದರು.

"ಹಾಗಾದ್ರೆ ನಮ್ಮನೆ ಇರಲ್ಲ" ಅಂದಳು ಚೂಟಿ. ಅಳುವಿಗಿಂತ ಜೋರಾಗಿ ಕೇಳಿಸಿತು ಅದು. "ಎಲ್ಲರ ಮನೆ ಇರುತ್ತೆ, ನಮ್ಮದಿರಲ್ಲ."

ಅಜ್ಜಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಒಲೆ ಆರಿಸಿ, ಒಳ್ಳೆಯ ಸೀರೆ ಉಟ್ಟು, ಮೇಷ್ಟ್ರ ಗ್ರಹಚಾರ ಬಿಡಿಸುತ್ತೇನೆಂದು ಶಾಲೆಗೆ ಹೋದಳು.

ಐದನೇ ಕ್ಲಾಸಿನಲ್ಲಿ ಬೆಂಚುಗಳೆಲ್ಲ ಗೋಡೆಗೆ ಒತ್ತಿ ನಿಂತಿದ್ದವು. ಕರಿಹಲಗೆಯಿಂದ ಬಾಗಿಲಿನವರೆಗೆ ನೆಲದ ಮೇಲೆ ಅವಳದೇ ಬೀದಿ ಮಲಗಿತ್ತು. ಬೇಕರಿ, ಚಪ್ಪಲಿ ಅಂಗಡಿ, ಮೂಲೆಯ ಕೊಳಾಯಿ, ದರ್ಜಿಯ ಮನೆಯ ಹಸಿರು ಬಾಗಿಲು ಕೂಡ. ಮಕ್ಕಳು ಮಂಡಿಯೂರಿಕೊಂಡು ಚರಂಡಿ ಯಾವ ಕಡೆಗೆ ಹರಿಯುತ್ತದೆ ಎಂದು ಕಿತ್ತಾಡುತ್ತಿದ್ದರು. ಮೇಷ್ಟ್ರು ಅವರ ನಡುವೆಯೇ ಕೂತಿದ್ದರು, ಅಂಗಿಯ ತೋಳಿನ ತುಂಬ ಅಂಟು. ದರ್ಜಿಯ ಮನೆಯ ಪಕ್ಕದಲ್ಲಿ ಬರೀ ನೆಲ, ಅದರ ಮೇಲೆ ಸೀಮೆಸುಣ್ಣದ ನಾಲ್ಕು ಗೆರೆ. ಚೂಟಿಯ ಮನೆ ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಕೂತಿತ್ತು.

"ಇದೇನಿದು?" ಅಜ್ಜಿ ಗೆರೆಗಳ ಕಡೆ ಬೆರಳು ಮಾಡಿದಳು.

"ನಿಮ್ಮ ಜಾಗ ಅಮ್ಮ" ಅಂದರು ಮೇಷ್ಟ್ರು ಎದ್ದು. "ನಿಮಗೇ ಅಂತ ಬಿಟ್ಟಿದ್ದೀವಿ."

"ಮನೆ ಇದ್ದವರನ್ನ ಖಾಲಿ ಸೈಟು ಮಾಡ್ತೀರಾ? ಇಟ್ಟುಬಿಡಿ ಅದನ್ನ ಅಲ್ಲಿ!"

"ನಾನು ಇಡೋ ಹಾಗಿಲ್ಲ. ಮಕ್ಕಳು ಮಾಡಿಕೊಂಡಿರೋ ಕಟ್ಟಳೆ."

"ನೀವು ಮೇಷ್ಟ್ರೋ, ಅವರು ಮೇಷ್ಟ್ರೋ?"

"ನಾನೇ ಅಮ್ಮ. ಅದಕ್ಕೇ ಅವರ ಮಾತಿಗೆ ಕಟ್ಟುಬಿದ್ದಿದ್ದೀನಿ."

"ಕಲಿಸೋದು ಗಣಿತ. ಗಣಿತಕ್ಕೆ ನಮ್ಮ ಅಡುಗೆಮನೆ ಯಾಕೆ ಬೇಕು?"

"ನಿಮ್ಮ ಗೋಡೆ ಅಲ್ಲಿದೆಯಲ್ಲಮ್ಮ."

ದನಿ ಏರಿಸುವವರ ಜೊತೆ ಅಜ್ಜಿ ಚೆನ್ನಾಗಿ ಜಗಳವಾಡಬಲ್ಲಳು. ಈ ಮನುಷ್ಯ ಏರಿಸಲೂ ಇಲ್ಲ, ಇಳಿಯಲೂ ಇಲ್ಲ. ಅಷ್ಟರಲ್ಲಿ ಕನ್ನಡಕದ ಪುಟ್ಟ ಹುಡುಗಿಯೊಬ್ಬಳು ತಲೆಯೆತ್ತಿ, "ಅಜ್ಜಿ, ನಿಮ್ಮನೇಲಿ ಏನಾದ್ರೂ ಮುಚ್ಚಿಟ್ಟಿದ್ದೀರಾ?" ಎಂದು ಬಲು ಮರ್ಯಾದೆಯಿಂದ ಕೇಳಿದಳು. ಇಡೀ ಕ್ಲಾಸು ಅಜ್ಜಿಯ ಬಾಯಿ ನೋಡಿತು. ಚೂಟಿ ಮಾತ್ರ ನೆಲ ನೋಡುತ್ತಿದ್ದಳು.

"ಮುಚ್ಚಿಡೋಕೆ ನಮಗೇನು ಬಂದಿದೆ? ಬನ್ನಿ! ಶನಿವಾರ ಬನ್ನಿ! ಒಂದಂಗುಲ ಕಮ್ಮಿ ಇದ್ದರೆ ನನ್ನ ಹೆಸರು ಬದಲಾಯಿಸಿ!" ಎಂದುಬಿಟ್ಟಳು. ದಾರಿಯುದ್ದಕ್ಕೂ ತನ್ನ ಬಾಯಿಗೆ ತಾನೇ ಶಾಪ ಹಾಕುತ್ತ ಮನೆ ಸೇರಿದಳು.

ಶನಿವಾರ ಬಂದವರು ಐವರು. ಚಪ್ಪಲಿಗಳನ್ನು ಬಾಗಿಲಲ್ಲಿ ಸಾಲಾಗಿ ಬಿಟ್ಟು, ಒಳಗೆ ಬಂದು ಕತ್ತು ತಿರುಗಿಸಿದ್ದೇ ತಿರುಗಿಸಿದ್ದು. ಸೊಸೆ ಕಿಟಕಿಯ ಕಡೆ ಮುಖ ಮಾಡಿ ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚಿದ್ದನ್ನೇ ಮತ್ತೆ ಹೆಚ್ಚುತ್ತಿದ್ದಳು. ಅಜ್ಜಿ ನಲ್ಲಿಯ ಹತ್ತಿರ ಕಾವಲುಗಾರ್ತಿಯ ಹಾಗೆ ನಿಂತಿದ್ದಳು.

"ಯಾಕೆ ಎರಡು ಒಲೆ?" ಕನ್ನಡಕದವಳು ಕೇಳಿದಳು.

"ಒಂದು ಅಜ್ಜೀದು, ಒಂದು ಅಮ್ಮಂದು" ಅಂದಳು ಚೂಟಿ.

"ಅಪ್ಪಂದು?"

"ಅಪ್ಪ ಎರಡು ಕಡೇನೂ ತಿಂತಾರೆ."

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಿತು ಒಂದು ದನಿ.

ಟೇಪು ನಡುಮನೆಯ ಮೂಲೆಯಿಂದ ಹೊರಟು ಅಡುಗೆಮನೆಗೆ ಬಂತು, ಬೀರುವಿನ ಬೆನ್ನಿಗೆ ಬಂದು ನಿಂತಿತು. ಚೂಟಿ ಸಂದಿನಲ್ಲಿ ನುಸುಳಿ, ಆಚೆಗೆ ಹೋಗಿ, ಬೀರುವಿನ ಬಾಗಿಲಿನಿಂದ ಮತ್ತೆ ಶುರು ಮಾಡಿದಳು. ಗುಂಗುರು ಅಲ್ಲೇ ನಿಂತಳು. ಬೀರುವಿನ ಪಕ್ಕೆಯನ್ನು ಗೇಣಿನಲ್ಲಿ ಅಳೆದಳು. ಕಣ್ಣರಳಿಸಿದಳು.

"ಏಯ್! ನೀನು ಬೀರೂನ ಅಳೆದೇ ಇಲ್ಲ ಕಣೇ! ಈ ಕಡೆ ಅಳೆದೆ, ಆ ಕಡೆ ಅಳೆದೆ, ಮಧ್ಯದ್ದು ಬಿಟ್ಟೆ! ಒಂದೂವರೆ ಅಡಿ ಇಲ್ಲಿದೆ!"

ಚೂಟಿ ಬೀರುವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. "ಬೀರು ಗೋಡೆ ಅಲ್ವಾ?"

"ಬೀರು ಗೋಡೆ ಅಂತೆ! ಬೀರು ಗೋಡೆ ಅಂತೆ!" ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೂಟಿಯೂ ನಕ್ಕಳು. ಗುಂಗುರುವಿನ ಹೆಗಲ ಮೇಲೆ ತೂಗಿಬಿದ್ದು ನಕ್ಕಳು. ಮನೆ ನಿಲ್ಲುತ್ತದಲ್ಲ, ಅವಳಿಗೆ ಅಷ್ಟೇ ಬೇಕಾಗಿತ್ತು.

ಅಜ್ಜಿ ನಗಲಿಲ್ಲ. ಆ ಮಕ್ಕಳು ಚಪ್ಪಲಿ ಹಾಕಿಕೊಂಡು ಹೋದದ್ದಷ್ಟೇ, ಕತ್ತಲಾಗುವ ಮೊದಲೇ ಎರಡು ಒಲೆಯ ಸುದ್ದಿ ಬೇಕರಿ ದಾಟಿ ಮೂಲೆಯ ಕೊಳಾಯಿಯವರೆಗೂ ಹೋಗಿತ್ತು.

"ಚೂಟಿ, ನಿಮ್ಮಜ್ಜಿಗೆ ಹೇಳು" ಎಂದು ಶುರುವಾಯಿತು ಆ ಕಡೆ. "ಊರ ಮಕ್ಕಳನ್ನೆಲ್ಲ ಮನೆಯೊಳಗೆ ಕರೆದು ಮಾನ ಹರಾಜು ಹಾಕಿದ್ದು ಸಾಕು ಅಂತ."

"ನಿಮ್ಮಮ್ಮನಿಗೆ ಹೇಳು, ಮಾನ ಹರಾಜಾಗಿದ್ದು ಎರಡನೇ ಒಲೆ ಬಂದ ದಿನ ಅಂತ!"

"ಹಾಗಾದ್ರೆ ಕೇಳು, ಮನುಷ್ಯರು ತಿನ್ನೋ ಊಟ ಮೊದಲನೇ ಒಲೇಲಿ ಸಿಕ್ಕಿದ್ದರೆ ಎರಡನೇದು ಯಾಕೆ ಬೇಕಿತ್ತು ಅಂತ!"

"ನಾನು ಹೇಳಲ್ಲ" ಅಂದಳು ಚೂಟಿ.

ಬೀರುವಿನ ಎರಡೂ ಬದಿಯಿಂದ ಒಂದೊಂದು ತಲೆ ಇಣುಕಿತು.

"ಹೇಳಲ್ಲ. ನಮ್ಮ ಕ್ಲಾಸಲ್ಲಿ ಜಗಳ ಆದ್ರೆ ಜಗಳ ಇದ್ದವರ ಹತ್ರಾನೇ ಹೋಗಿ ಹೇಳ್ಬೇಕು. ಮಧ್ಯದವರ ಕೈಲಿ ಕಳಿಸೋ ಹಾಗಿಲ್ಲ. ಗುಂಗುರು ನನಗೆ ನೇರವಾಗಿ ಬೈದಳು, ನಾನೂ ಬೈದೆ. ಮುಗೀತು."

"ನಿನ್ನ ಕ್ಲಾಸಿನ ಕಟ್ಟಳೆ ಕ್ಲಾಸಲ್ಲಿರಲಿ" ಅಂದಳು ಅಮ್ಮ.

"ಅಜ್ಜಿಗೆ ಎದುರು ಮಾತಾಡೋದನ್ನ ಕಲಿಸಿದ್ದು ಯಾರು?" ಅಂದಳು ಅಜ್ಜಿ.

ಏನು ಬೈದರೂ ಚೂಟಿ ಬಾಯಿ ಬಿಡಲಿಲ್ಲ. ಮುಂದಿನ ಒಂದು ವಾರ ಆ ಮನೆಯ ಸಂಸಾರ ಹಳಿ ತಪ್ಪಿತು. ಹಾಲು ಎರಡು ಸಲ ಬಂದು ಒಡೆಯಿತು. ಸೋಪು ಒಂದು ಸಲವೂ ಬರಲಿಲ್ಲ. ಸೊಸೆ ಬೀಗದ ಕೈಯನ್ನು ಪ್ರೆಸ್ಸಿಗೆ ತೆಗೆದುಕೊಂಡು ಹೋಗಿ, ಅಜ್ಜಿ ತರಕಾರಿ ಚೀಲ ಹಿಡಿದು ಸಂಜೆಯವರೆಗೂ ದರ್ಜಿಯ ಜಗುಲಿಯಲ್ಲಿ ಕೂತಳು. ಸೊಸೆಯ ಒಲೆಯ ಮೇಲೆ ಅನ್ನ ಸೀದು ಹೋಗುವುದು ಮೂಗಿಗೆ ಬಂದರೂ ಅಜ್ಜಿ ಅಲುಗಲಿಲ್ಲ. ಅಜ್ಜಿಯ ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ ಹರಿದು ನೆಲವೆಲ್ಲ ಕೆರೆಯಾದರೂ ಸೊಸೆ ಅಲುಗಲಿಲ್ಲ. ಮಗನನ್ನು ದೂತನನ್ನಾಗಿ ಮಾಡಲು ಇಬ್ಬರೂ ನೋಡಿದರು. ಅವನು ಒಂದು ಕಡೆಯ ಬೆಂಕಿಯನ್ನು ಇನ್ನೊಂದು ಕಡೆಗೆ ಮುಟ್ಟಿಸುವಷ್ಟರಲ್ಲಿ ಅದನ್ನು ನಂದಿಸಿ, "ಏನೂ ಇಲ್ಲಮ್ಮ, ಹುಷಾರಾಗಿರಿ ಅಂದಳು" ಅನ್ನುತ್ತಿದ್ದ. ಯಾರಿಗೂ ಸಮಾಧಾನವಾಗಲಿಲ್ಲ.

ಶಾಲೆಯಲ್ಲಿ ರಟ್ಟಿನ ಬೀದಿಯನ್ನು ತೋರಿಸುವ ದಿನ ಬಂತು. ಅಜ್ಜಿ ಒಬ್ಬಳೇ ಮುಂಚೆ ಹೋದಳು. ಸೊಸೆ ಪ್ರೆಸ್ಸಿನಿಂದ ನೇರ ಬಂದಳು. ಮಗ ಇಬ್ಬರಿಗೂ ಸಮಾನ ದೂರದಲ್ಲಿ, ಬಾಗಿಲ ಹತ್ತಿರ ನಿಂತ.

ಚೂಟಿಯ ಮನೆ ದರ್ಜಿಯ ಮನೆಗೆ ಒತ್ತಿಕೊಂಡು, ಕೂದಲೆಳೆ ಸಂದಿಲ್ಲದೆ ಕೂತಿತ್ತು. ಮೇಲ್ಛಾವಣಿಗಳನ್ನೆಲ್ಲ ಎತ್ತಿಟ್ಟಿದ್ದರಿಂದ ಪ್ರತಿ ಮನೆಯ ಒಳಗೂ ಕಾಣುತ್ತಿತ್ತು. ಮೇಷ್ಟ್ರು ಮಕ್ಕಳಿಗೆ ಜೇಡಿಮಣ್ಣು ಕೊಟ್ಟು, ಮನೆಯ ಪ್ರತಿಯೊಬ್ಬರನ್ನೂ ಮಾಡಿ ಅವರವರು ಊಟ ಮಾಡುವ ಜಾಗದಲ್ಲಿ ಕೂರಿಸಿ ಅಂದಿದ್ದರಂತೆ. ಬೇಕರಿಯವನ ಮನೆಯಲ್ಲಿ ಎಲ್ಲರೂ ಮೇಜಿನ ಸುತ್ತ. ದರ್ಜಿಯ ಮನೆಯಲ್ಲಿ ದರ್ಜಿ ಮಿಷಿನ್ನಿನ ಪಕ್ಕದಲ್ಲೇ ತಟ್ಟೆಯಿಟ್ಟುಕೊಂಡು. ಅಜ್ಜಿ ಜನರನ್ನು ಸರಿಸಿ ತನ್ನ ಮನೆಯ ಮುಂದೆ ಬಗ್ಗಿದಳು.

ನಲ್ಲಿ ಇತ್ತು. ಕಿಟಕಿ ಇತ್ತು. ಅಜ್ಜಿಯ ಟಾನಿಕ್ ಡಬ್ಬಿಗೆ ಬೂದು ಬಣ್ಣ ಬಳಿದು ಬೀರು ಮಾಡಿದ್ದಳು ಚೂಟಿ. ನಲ್ಲಿಯ ಕಡೆ ಒಂದು ಮಣ್ಣಿನ ಅಜ್ಜಿ, ಅವಳ ಮುಂದೆ ದಪ್ಪ ಹೊಟ್ಟೆಯ ಅಪ್ಪ. ಕಿಟಕಿಯ ಕಡೆ ಮಣ್ಣಿನ ಅಮ್ಮ, ಅವಳ ಮುಂದೆಯೂ ದಪ್ಪ ಹೊಟ್ಟೆಯ ಅಪ್ಪ.

"ಇದೇನು, ಅಪ್ಪ ಇಬ್ಬರು!" ಯಾರೋ ಅಂದರು. ಬೀದಿಯ ಜನ ಗೊಳ್ಳೆಂದಿತು. "ಅವಳಿ ಜವಳಿ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ವಲ್ಲಪ್ಪ" ಎಂದು ದರ್ಜಿ ಚೂಟಿಯ ಅಪ್ಪನ ಬೆನ್ನು ತಟ್ಟಿದ. ಅವನ ಮುಖ ಟೊಮೇಟೊ ಆಯಿತು. ಸೊಸೆ ರಟ್ಟಿನ ಬೀದಿಯ ಆಚೆ ಬದಿಯಲ್ಲಿ ತುಟಿ ಕಚ್ಚಿ ನಿಂತಿದ್ದಳು.

ಕಣ್ಣು ತಪ್ಪಿಸಿಕೊಳ್ಳಲೆಂದು ಅಜ್ಜಿ ಮನೆಯನ್ನೇ ದಿಟ್ಟಿಸಿದಳು. ಆಗ ಕಂಡಿತು. ಬೀರುವಿನ ನೆತ್ತಿಯ ಮೇಲೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಇಳಿಬಿಟ್ಟು ಒಂದು ಪುಟ್ಟ ಬೊಂಬೆ ಕೂತಿತ್ತು. ಎರಡು ಜಡೆ.

"ಅದ್ಯಾರೇ ಬೀರು ಹತ್ತಿರೋದು?" ಬೇಕರಿಯವನ ಹೆಂಡತಿ ಕೇಳಿದಳು.

"ನಾನು" ಅಂದಳು ಚೂಟಿ.

"ಅಷ್ಟು ಎತ್ತರದಲ್ಲಿ ಯಾಕೆ ಕೂತಿದ್ದೀಯೇ?"

"ಊಟ ಮಾಡೋ ಜಾಗದಲ್ಲಿ ಕೂರಿಸ್ಬೇಕಲ್ಲ. ಈ ಕಡೆ ಕೂರಿಸಿದ್ರೆ ಅಮ್ಮಂಗೆ ಸಿಟ್ಟು ಬರುತ್ತೆ. ಆ ಕಡೆ ಕೂರಿಸಿದ್ರೆ ಅಜ್ಜಿಗೆ ಸಿಟ್ಟು ಬರುತ್ತೆ. ಸಂದಿನಲ್ಲಿ ನಿಲ್ಲಿಸಿದೆ, ಬೊಂಬೆ ಬಿದ್ದುಬಿಟ್ತು. ಬೀರು ಯಾರದ್ದೂ ಅಲ್ಲ."

ದೂರುವ ದನಿಯಲ್ಲ ಅದು. ಚರಂಡಿ ಯಾವ ಕಡೆ ಹರಿಯುತ್ತದೆ ಎಂದು ಹೇಳಿದ ಹಾಗೆ ಹೇಳಿದಳು. ಈ ಸಲ ಬೀದಿಯ ಜನ ನಗಲಿಲ್ಲ. ಮೇಷ್ಟ್ರು ಮುಂದಿನ ಮನೆಯ ಬೊಂಬೆಗಳನ್ನು ತೋರಿಸಲು ಬಗ್ಗಿದರು. ಅಜ್ಜಿಗೆ ಮೇಷ್ಟ್ರ ಮೇಲೆ, ಸೊಸೆಯ ಮೇಲೆ, ಮಗನ ಮೇಲೆ, ತನ್ನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ತಲೆಯ ಮೇಲೆ ಸೆರಗೆಳೆದುಕೊಂಡು, ಒಬ್ಬರನ್ನೂ ಮಾತಾಡಿಸದೆ ಮನೆಗೆ ನಡೆದಳು.

ಸೊಸೆ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ, ಕಿಟಕಿಯ ಕಡೆ ನಿಂತಿದ್ದಳು. ಬೀರುವಿನ ಬಾಗಿಲ ಮುಂದೆ.

"ಏಯ್" ಅಂದಳು ಅಜ್ಜಿ.

ಸೊಸೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ನಿನ್ನನ್ನೇ. ಇದರಲ್ಲಿರೋದೆಲ್ಲ ಆಚೆ ತೆಗಿ."

"ಯಾಕೆ?"

"ಎಳೆದು ನಡುಮನೆಗೆ ಹಾಕ್ಬೇಕು."

"ಇಡಿಸಿದವರು ನೀವು. ನೀವೇ ಎಳೀರಿ."

"ನಾನಾ ಇಡಿಸಿದ್ದು? ಗಂಡನ ಕಿವಿ ಊದಿ ಊದಿ ಇಡಿಸಿದವಳು ನೀನು!"

"ನಾನು ಒಂದು ಮಾತೂ ಹೇಳಿಲ್ಲ! ಅಮ್ಮನಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ, ಅದಕ್ಕೇ ಇಡ್ತಿದ್ದೀನಿ ಅಂದ್ರು!"

"ಏನಂದ? ನನಗೆ ಹೇಳಿದ್ದು, ನನ್ನ ಮುಖ ನೋಡೋಕೆ ನಿನಗಿಷ್ಟ ಇಲ್ಲ ಅಂತ!"

ಇಬ್ಬರೂ ಒಂದು ಗಳಿಗೆ ಬೀರುವನ್ನು ನೋಡಿದರು.

"ಇಷ್ಟ ಇಲ್ಲದೆ ಇದ್ದಿದ್ದೇನೋ ನಿಜ" ಅಂದಳು ಸೊಸೆ.

"ನನಗೂ ಇರಲಿಲ್ಲ. ಈಗಲೂ ಇಲ್ಲ. ಬರಲಿ ಅವನು" ಅಂದಳು ಅಜ್ಜಿ.

ಬೀರು ಖಾಲಿಯಾಯಿತು. ಕಾಲುಗಳ ಕೆಳಗೆ ಹಳೆಯ ಗೋಣಿಚೀಲ ತುರುಕಿದರು. ಅತ್ತೆ ಒಂದು ಪಕ್ಕ, ಸೊಸೆ ಇನ್ನೊಂದು ಪಕ್ಕ.

"ಎತ್ತಬೇಡಿ, ಎಳೀರಿ!"

"ನನಗೆ ಕಲಿಸಬೇಡ. ನೂರಾಳಿನ ಕೊಪ್ಪರಿಗೆ ಎಳೆದವಳು ನಾನು."

"ಅದಕ್ಕೇ ಅದರಲ್ಲಿ ಉಪ್ಪು ಹಾಕೋಕೆ ಶಕ್ತಿ ಉಳಿದಿರ್ತಿರಲಿಲ್ಲ."

"ಬಾಯಿಗಿರೋ ಜೋರು ತೋಳಿಗಿದ್ದಿದ್ದರೆ ಇಷ್ಟು ಹೊತ್ತಿಗೆ ಬೀರು ಬಾಗಿಲು ದಾಟ್ತಿತ್ತು!"

"ನನ್ನ ಕಾಲ ಮೇಲೆ ತಳ್ತಿದ್ದೀರಿ!"

"ಕಾಲು ಹಿಂದಿಟ್ಕೋ!"

ಬೀರು ಕಿರ್ರೆಂದು ನಡುಮನೆಗೆ ಹೋಗಿ ನಿಲ್ಲುವ ಹೊತ್ತಿಗೆ ಮಗ ಚೂಟಿಯ ಕೈ ಹಿಡಿದುಕೊಂಡು ಬಾಗಿಲಿಗೆ ಬಂದ. ಬೀರು ನೋಡಿದ, ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ವಾಪಸು ಅಂಗಡಿಗೆ ಹೋಗಲು ಒಂದು ಕಾಲು ತಿರುಗಿಸಿದ್ದ ಕೂಡ. ಆಮೇಲೆ ಅವನಿಗೆ ಬಿದ್ದ ಬೈಗುಳ ಗೋಡೆಯ ಆಚೆ ದರ್ಜಿಗೂ ಕೇಳಿಸಿತು. ವರ್ಷದಿಂದ ಇಬ್ಬರೂ ಒಬ್ಬರಿಗೊಬ್ಬರು ಕೂಡಿಟ್ಟಿದ್ದುದರಲ್ಲಿ ಅರ್ಧ ಅವನ ಪಾಲಿಗೆ ಬಂತು. ಉಳಿದರ್ಧಕ್ಕೆ ಇಬ್ಬರೂ ತಿರುಗಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಯಾರ ಒಲೆ ತೆಗೆಯುವುದು ಎಂಬ ಹೊಸ ಜಗಳ ಶುರುವಾಗಿತ್ತು.

ಚೂಟಿ ಅಡುಗೆಮನೆಗೆ ಹೋದಳು. ಬೀರು ನಿಂತಿದ್ದ ಕಡೆ ನೆಲ ಬೇರೆಯೇ ಬಣ್ಣದಲ್ಲಿತ್ತು. ಹೊಗೆ, ಎಣ್ಣೆ, ಕಾಲಿನ ಕೊಳೆ ಯಾವುದೂ ತಾಗದ ಒಂದು ಬೆಳ್ಳನೆ ಪಟ್ಟಿ. ಅಲ್ಲಿ ಬಿದ್ದಿದ್ದ ಒಂದು ಚಮಚ, ಅಪ್ಪನ ಎರಡು ಗುಂಡಿಗಳನ್ನು ಆಚೆ ಸರಿಸಿದಳು. ತಟ್ಟೆ ತಂದು ಅದರ ನಡುವೆ ಇಟ್ಟು, ಚಕ್ಕಂಬಕ್ಕಳ ಹಾಕಿಕೊಂಡು ಕೂತಳು.

"ನನಗೆ ಹಸಿವಾಗ್ತಿದೆ" ಅಂದಳು.

ಅಜ್ಜಿ ಅನ್ನ ಬೇಳೆ ತಂದು ಬಡಿಸಿದಳು. ಸೊಸೆ ಆಲೂಗಡ್ಡೆ ತಂದು ಅದರ ಪಕ್ಕಕ್ಕೇ ಹಾಕಿದಳು.

"ಮಗೂಗೆ ಅಷ್ಟು ಖಾರ ಸುರೀಬೇಡ."

"ನಿಮ್ಮ ಬೇಳೆ ಜೊತೆಗೆ ಬೇಕೇ ಬೇಕು, ಬಿಡಿ."

"ನಾನೆಲ್ಲಿ ಕೂರಲಿ?" ಎಂದು ಮಗ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಕೇಳಿದ.

"ನಿಂತ್ಕೊಂಡು ತಿನ್ನು" ಅಂದಳು ಅಜ್ಜಿ.

"ಒಂದೇ ಸಲ" ಅಂದಳು ಸೊಸೆ.

ಜಗಳ ಚೂಟಿಯ ತಲೆಯ ಮೇಲಿಂದ ಅತ್ತಿತ್ತ ಹಾರಾಡುತ್ತಲೇ ಇತ್ತು. ಅವಳು ಕತ್ತೆತ್ತಿ ನೋಡಲಿಲ್ಲ. ಅನ್ನ, ಬೇಳೆ, ಆಲೂಗಡ್ಡೆ ಮೂರನ್ನೂ ಒಟ್ಟಿಗೆ ಕಲಸಿ ತಟ್ಟೆ ಬರಿದು ಮಾಡಿದಳು, ಕೂತಲ್ಲೇ ಇನ್ನೊಂದು ಸಲ ಹಾಕಿಸಿಕೊಂಡಳು.